ಗಾಂಧಿ ಮನೆತನದ ಬಗ್ಗೆ ಬರೆಯುವ ಮುನ್ನ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಗಾಂಧೀಜಿಯ ಸಂಸಾರದ ಮೇಲೆ ಲೇಖನ ಬರೆಯಲು ಹೊರಟಿದ್ದೀಯಂತೆ, ಸಂತೋಷ. 'ದೇಶಕ್ಕೆ ತಂದೆ, ಮಗನಿಗಲ್ಲ' ಎಂಬ ಸವಕಲು ಶೀರ್ಷಿಕೆ ಮಾತ್ರ ಇಡಬೇಡ.

ಮೊದಲು ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರಿ. ಹರಿಲಾಲ (1888), ಮಣಿಲಾಲ (1892), ರಾಮದಾಸ (1897), ದೇವದಾಸ (1900) ಎಂದು ನಾಲ್ವರು ಗಂಡುಮಕ್ಕಳ ಹೆಸರಿಗೇ ನಿಲ್ಲಿಸಿದರೆ ಕೆಲಸ ಕೆಟ್ಟಿತು. ದಾಯಾದಿ ಖುಶಾಲಚಂದರ ಮಕ್ಕಳು ಛಗನಲಾಲ, ಮಗನಲಾಲ, ನಾರಣದಾಸ ಪಕ್ಕದಲ್ಲೇ ಇರಬೇಕು. ಆಶ್ರಮಗಳ ಭಾರ ಹೊತ್ತವರು ಅವರು. ಅಪ್ಪನ ಮೇಲೆ ಹರಿಲಾಲನಿಗಿದ್ದ ಕಹಿಗೆ ಒಂದು ಬೇರು ಅಲ್ಲೇ ಇದೆ. ಇಂಗ್ಲೆಂಡಿನ ಓದಿಗೆಂದು ಗೆಳೆಯ ಪ್ರಾಣಜೀವನ ಮೆಹ್ತಾ ಕೊಟ್ಟ ವಿದ್ಯಾರ್ಥಿವೇತನಕ್ಕೆ ಗಾಂಧೀಜಿ ಮಗನನ್ನು ಬಿಟ್ಟು ಛಗನಲಾಲನನ್ನು ಆರಿಸಿದರು. ಅವನು ಕಾಯಿಲೆಬಿದ್ದು ವಾಪಸಾದ ಮೇಲೂ ಅದು ಹೋದದ್ದು ಪಾರ್ಸಿ ಸತ್ಯಾಗ್ರಹಿ ಸೊರಾಬ್ಜಿ ಅಡಾಜಾನಿಯಾಗೆ. ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋಗಿ 'ಚಿಕ್ಕ ಗಾಂಧಿ' ಎನಿಸಿಕೊಂಡಿದ್ದ ಹರಿಲಾಲ 1911ರಲ್ಲಿ ಮನೆ ಬಿಟ್ಟ. 1918ರಲ್ಲಿ ಹೆಂಡತಿ ಇನ್‌ಫ್ಲುಯೆಂಜಾಗೆ ತೀರಿಕೊಂಡಳು. ಇಷ್ಟನ್ನೂ ಹಾರಿಸಿ ಸೀದಾ ಅವನ ಕುಡಿತಕ್ಕೆ, 1936ರಲ್ಲಿ ಇಸ್ಲಾಂಗೆ ಮತಾಂತರವಾದದ್ದಕ್ಕೆ ಬಂದುಬಿಟ್ಟರೆ ಓದುವವರ ಕಣ್ಣಿಗೆ ಉಳಿಯುವುದು ಬರೀ ಒಬ್ಬ ಕುಡುಕ.

ಇನ್ನು, ವರ್ಷ ಹಾಕದೆ ಅಪ್ಪನ ಮೇಲೆ ತೀರ್ಪು ಬರೆಯಬೇಡ, ಯಾಕೆಂದರೆ ಗಾಂಧೀಜಿ ಬದಲಾಗುತ್ತಲೇ ಇದ್ದರು. 1926ರಲ್ಲಿ ಮಣಿಲಾಲ ಮುಸ್ಲಿಂ ಹುಡುಗಿಯನ್ನು ಮದುವೆಯಾಗುತ್ತೇನೆಂದಾಗ ಒಪ್ಪಲಿಲ್ಲ. ದೇವದಾಸ ರಾಜಾಜಿಯವರ ಮಗಳು ಲಕ್ಷ್ಮಿಯನ್ನು ಮೆಚ್ಚಿದಾಗ ಇಬ್ಬರು ಅಪ್ಪಂದಿರೂ ವರ್ಷಗಟ್ಟಲೆ ಕಾಯಿಸಿದರು. 1933ರ ಜೂನ್‌ನಲ್ಲಿ ಪುಣೆಯಲ್ಲಿ ಮದುವೆಯಾಗಿ ಬನಿಯಾ ಗಾಂಧಿ, ಬ್ರಾಹ್ಮಣ ರಾಜಾಜಿ ಬೀಗರಾದರು. ಕೊನೆಯ ವರ್ಷಗಳಲ್ಲಂತೂ ವಧುವರರಲ್ಲಿ ಒಬ್ಬರು ದಲಿತರಾಗಿದ್ದರಷ್ಟೇ ಹರಸುತ್ತೇನೆ ಎನ್ನುವವರೆಗೆ ಬಂದರು. 1926ರ ಮಾತನ್ನು 1946ರ ಗಾಂಧಿಯ ಬಾಯಿಗೆ ಹಾಕುವವರು ಬಹಳ.

ಕೊನೆಯ ದಿನಗಳಲ್ಲಿ ಗಾಂಧೀಜಿಯ ಜೊತೆಗಿದ್ದ ಮನು ಮತ್ತು ಆಭಾ ಇರುವ ಫೋಟೊ ಬಳಸಿದರೆ ಕೆಳಗೆ 'ಮೊಮ್ಮಕ್ಕಳು' ಎಂದಷ್ಟೇ ಬರೆಯಬೇಡ. ಮನು ದಾಯಾದಿ ಮನೆಯ ಜಯಸುಖಲಾಲರ ಮಗಳು. ಬಂಗಾಳದ ಆಭಾ ನಾರಣದಾಸನ ಮಗ ಕನುವಿನ ಹೆಂಡತಿ. ಇಂದಿರಾ ಹೆಸರಿನ 'ಗಾಂಧಿ' ಬಂದದ್ದು ಪಾರ್ಸಿ ಗಂಡ ಫಿರೋಜ್‌ರಿಂದ. ಇದನ್ನು ಒಂದೇ ಸಾಲಿನಲ್ಲಿ ಮುಗಿಸು, ವಾಟ್ಸಾಪ್ ಕತೆಗಳಿಗೆ ಉತ್ತರ ಕೊಡುತ್ತಾ ಕೂತರೆ ಲೇಖನವೇ ಮುಗಿಯದು.

ರಾಮದಾಸನನ್ನು ಎಲ್ಲರೂ ಮರೆಯುತ್ತಾರೆ. 1948ರಲ್ಲಿ ಚಿತೆಗೆ ಬೆಂಕಿಯಿಟ್ಟವನು ಅವನು. ಗೋಡ್ಸೆಗೆ ಗಲ್ಲು ಬೇಡವೆಂದು ಕೇಳಿಕೊಂಡವರಲ್ಲಿ ಅವನೂ ಮಣಿಲಾಲನೂ ಇದ್ದರು. ಇವರಿಗೆ ಒಂದು ಪ್ಯಾರಾ ಕೊಡು.

ಪತ್ರಗಳಿಂದ ಉದ್ಧರಿಸುವಾಗ ಗಾಂಧೀಜಿಯ ಸಮಗ್ರ ಕೃತಿಗಳ ಮೂಲ ಆವೃತ್ತಿಯ ನೂರು ಸಂಪುಟಗಳನ್ನೇ ನೋಡು. ಅವುಗಳಲ್ಲಿ ಮೊದಲ ತೊಂಬತ್ತು ತಾರೀಖಿನ ಕ್ರಮದಲ್ಲಿವೆ. ನಂತರದ ಪರಿಷ್ಕೃತ ಆವೃತ್ತಿಯಲ್ಲಿ ಲೋಪಗಳಿವೆ ಎಂದು ವಿದ್ವಾಂಸರು ಆಕ್ಷೇಪಿಸಿ ಅದನ್ನು ಹಿಂತೆಗೆಯಬೇಕಾಯಿತು. ಅದರ ಸಂಪುಟ, ಪುಟಸಂಖ್ಯೆಗಳು ಹಳೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ಪುಟದ ಜೊತೆಗೆ ಪತ್ರದ ತಾರೀಖು, ಯಾರಿಗೆ ಬರೆದದ್ದು ಎರಡನ್ನೂ ಗುರುತು ಹಾಕಿಕೊ.

ಇಂತಿ,
ನಿನ್ನ ದೊಡ್ಡಪ್ಪ