ಗುಂಡನಿಗೊಂದು ಪತ್ರ, ಹ್ಯಾರೊಗೇಟ್ ಜಾತ್ರೆ ಮುಗಿದ ಮೇಲೆ

ಲೋ ಗುಂಡಾ,

"ನಿನ್ನ ಸ್ಟೇಪ್ಲರ್ ವ್ಯಾಪಾರ ಹೇಗಿದೆ ಮಾರಾಯಾ" ಅಂತ ನೀನು ಕೇಳಿದ್ದಕ್ಕೆ ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ. ಉದ್ದವಾಯಿತು. ಅದಕ್ಕೇ ಇಲ್ಲಿ ಎಲ್ಲರೆದುರಿಗೆ ಹಾಕುತ್ತಿದ್ದೇನೆ, ನಾಲ್ಕು ಜನ ಓದಲಿ ಬಿಡು. ಮೂರನೇ ಇಡ್ಲಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಉಳಿದವರಿಗೆ ಒಂದು ಮಾತು: ನಾನು ಚಿತ್ರಕಥೆ ಬರೆದು, ಬಿಡಿಸಿ, ಅಚ್ಚು ಹಾಕಿಸಿ, ಮಡಚಿ, ಪಿನ್ ಹೊಡೆದು ನಾನೇ ಮಾರುತ್ತೇನೆ. ಇಂಗ್ಲೆಂಡಿನಲ್ಲಿ ಇದಕ್ಕೆ ಸ್ಮಾಲ್ ಪ್ರೆಸ್ ಕಾಮಿಕ್ಸ್ ಅಂತಾರೆ, ಝೀನ್ ಅಂತಲೂ ಅಂತಾರೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ.

ಪ್ರತಿ ನವೆಂಬರ್‌ನಲ್ಲಿ ನಮಗೆಲ್ಲ ಥಾಟ್ ಬಬಲ್ ಅನ್ನೋ ಕಾಮಿಕ್ಸ್ ಜಾತ್ರೆ. 2007ರಲ್ಲಿ ಲೀಡ್ಸ್‌ನಲ್ಲಿ ಶುರುವಾಗಿದ್ದು, 2019ರಿಂದ ಹ್ಯಾರೊಗೇಟ್‌ಗೆ ಬಂದಿದೆ. ಹ್ಯಾರೊಗೇಟ್ ಅಂದರೆ ಹಿಂದೆ ದುಡ್ಡಿದ್ದವರು ಗಂಧಕದ ನೀರು ಕುಡಿದು ಆರೋಗ್ಯ ಸುಧಾರಿಸಿಕೊಳ್ಳಲು ಬರುತ್ತಿದ್ದ ಊರು. ಜಾತ್ರೆಯ ಎರಡು ದಿನ ಮಾತ್ರ ಬೀದಿ ತುಂಬ ನೀಲಿ ಕೂದಲಿನ ಹುಡುಗಿಯರು, ಬೆನ್ನ ಮೇಲೆ ರೊಟ್ಟು ಕಾಗದದ ರೆಕ್ಕೆ ಕಟ್ಟಿಕೊಂಡ ಹುಡುಗರು. ನನ್ನದು ಅರ್ಧ ಟೇಬಲ್. ಪಕ್ಕದ ಅರ್ಧದಲ್ಲಿ ಬಸವನಹುಳುಗಳ ಬಗ್ಗೆ ಮಾತ್ರ ಕಾಮಿಕ್ಸ್ ಮಾಡುವ ಒಬ್ಬಳು. ಅವಳ ಹುಳುಗಳು ನನ್ನ ಪುಸ್ತಕಕ್ಕಿಂತ ಜಾಸ್ತಿ ಓಡಿದವು.

ವ್ಯಾಪಾರದ ಗುಟ್ಟು ಹೇಳಲಾ? ನಾನು ಅವಳದು ಕೊಂಡೆ, ಅವಳು ಎದುರಿನವನದು ಕೊಂಡಳು, ಅವನು ನನ್ನದು ಕೊಂಡ. ಇಡೀ ಹಾಲ್‌ನಲ್ಲಿ ಓಡಾಡುವುದು ಒಂದೇ ಐದು ಪೌಂಡಿನ ನೋಟು ಅಂತ ಇಲ್ಲಿನ ಹಳೇ ಜೋಕು. ಈಗ ಎಲ್ಲರ ಹತ್ತಿರವೂ ಕಾರ್ಡ್ ಮಷೀನ್ ಇರುವುದರಿಂದ ಆ ನೋಟೂ ಕಣ್ಣಿಗೆ ಬೀಳುವುದಿಲ್ಲ.

ಸುದ್ದಿ ಅಂದರೆ ಎಲ್ಲರ ಬಾಯಲ್ಲೂ ಅಂಚೆಯದೇ. ನಿನಗೆ ಇದು ಅರ್ಥವಾಗುತ್ತೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಭಾರತದಲ್ಲಿ ಪುಸ್ತಕಗಳ ಅಗ್ಗದ ರಿಜಿಸ್ಟರ್ಡ್ ಅಂಚೆ ನಿಲ್ಲಿಸಿದಾಗ ನೀನು ರಾತ್ರಿ ಫೋನ್ ಮಾಡಿ ಬೈದಿದ್ದೆಯಲ್ಲ, ಅದೇ ತಿಂಗಳು ನಮಗೂ ಏಟು ಬಿತ್ತು. ಡಿಸೆಂಬರ್ 13ರಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಸರಕು ಸುರಕ್ಷತೆಯ ಹೊಸ ನಿಯಮ ಜಾರಿಗೆ ಬಂತು. ಹೊರಗಿನಿಂದ ಅಲ್ಲಿಗೆ ಬಹುತೇಕ ಯಾವ ಸಾಮಾನು ಮಾರಿದರೂ, ಹೆಚ್ಚುಕಮ್ಮಿಯಾದರೆ ಉತ್ತರ ಕೊಡಲು ಅಲ್ಲೇ ಒಬ್ಬ ಜವಾಬ್ದಾರ ವ್ಯಕ್ತಿ ಇರಬೇಕಂತೆ. ಆಟದ ಸಾಮಾನಿಗೆ ಸರಿ. ಹದಿನಾರು ಪುಟ, ಎರಡು ಪಿನ್ ಇರುವ ನನ್ನ ಪುಸ್ತಕಕ್ಕೂ ಅದೇ ನಿಯಮ! ದುಡ್ಡು ಕೊಟ್ಟು ಅಂಥವನನ್ನು ಇಟ್ಟುಕೊಳ್ಳುವಷ್ಟು ಲಾಭ ಇದ್ದಿದ್ದರೆ ನಾವ್ಯಾಕೆ ಪಿನ್ ಹೊಡೆಯುತ್ತಿದ್ದೆವು. ಎಷ್ಟೋ ಜನ ಯುರೋಪಿಗೆ ಕಳಿಸುವುದನ್ನೇ ಬಿಟ್ಟರು. ಉತ್ತರ ಐರ್ಲೆಂಡ್ ಇದೇ ದೇಶದ ತುಂಡು, ಆದರೂ ಅಲ್ಲಿಗೂ ಅದೇ ನಿಯಮ. ಅಲ್ಲಿನ ಬೆಲ್‌ಫಾಸ್ಟ್‌ನಲ್ಲಿ ಒಬ್ಬ ಓದುಗ ಇದ್ದ ನನಗೆ. ಇದ್ದ ಅಂತಲೇ ಹೇಳಬೇಕು.

ದೇಶದೊಳಗೂ ಅಷ್ಟೇ. 2012ರಲ್ಲಿ 60 ಪೆನ್ಸ್ ಇದ್ದ ಫಸ್ಟ್ ಕ್ಲಾಸ್ ಸ್ಟಾಂಪ್ 2025ರ ಏಪ್ರಿಲ್‌ನಲ್ಲಿ 1.70 ಪೌಂಡ್ ಆಯಿತು. ಅದಕ್ಕೇ ಎಲ್ಲರೂ A5 ಅಳತೆಗೇ, ಅಂದರೆ A4 ಹಾಳೆಯ ಅರ್ಧಕ್ಕೇ, ಅಂಟಿಕೊಂಡಿದ್ದಾರೆ. 5 ಮಿಲಿಮೀಟರ್ ದಪ್ಪ, 100 ಗ್ರಾಂ ತೂಕದೊಳಗೆ ಇದ್ದರೆ ಮಾಮೂಲಿ ಪತ್ರದ ರೇಟಿಗೆ ಹೋಗುತ್ತೆ, ಒಂಚೂರು ಮೀರಿದರೆ ಮೇಲಿನ ರೇಟು. ಕಥೆ ಎಷ್ಟು ಉದ್ದ ಇರಬೇಕು ಅಂತ ಇಲ್ಲಿ ತೀರ್ಮಾನ ಮಾಡುವುದು ಅಡುಗೆಮನೆಯ ತಕ್ಕಡಿ.

ಅಮೆರಿಕದ ದೊಡ್ಡ ಕಾಮಿಕ್ಸ್ ವಿತರಕ ಡೈಮಂಡ್ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅಂಗಡಿಯವರೆಲ್ಲ ತಲೆ ಮೇಲೆ ಕೈ ಹೊತ್ತರು. ನಮಗೆ ಏನೂ ಆಗಲಿಲ್ಲ. ನಮ್ಮನ್ನು ಅವರು ಯಾವತ್ತೂ ವಿತರಿಸಿರಲೇ ಇಲ್ಲವಲ್ಲ.

ಈ ಚಿಕ್ಕತನದ ಬಗ್ಗೆ ಇಲ್ಲಿನವರಿಗೆ ಭಾರಿ ಹೆಮ್ಮೆ. ನನಗೂ ಇತ್ತು. ಹೊಸಬರು ಸಿಕ್ಕಿದರೆ ಪುರಾಣ ಶುರು ಮಾಡುತ್ತಿದ್ದೆ. 1979ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಒಬ್ಬ ಹುಡುಗ ತನ್ನ ಮಲಗೋ ಕೋಣೆಯಲ್ಲಿ ಮಾಡಿ 150 ಪ್ರತಿ ಹಾಕಿಸಿದ 'ವಿಜ್' ಅನ್ನೋ ಕಾಮಿಕ್ ಮುಂದೆ ಹತ್ತು ಲಕ್ಷ ದಾಟಿತು ನೋಡು ಅಂತ. 1980ರ ದಶಕದ ಮೊದಲಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಾಮಿಕ್ಸ್ ಸಂತೆಯಲ್ಲಿ ಪಾಲ್ ಗ್ರಾವೆಟ್ ಫಾಸ್ಟ್ ಫಿಕ್ಷನ್ ಅಂತ ಒಂದು ಟೇಬಲ್ ಹಾಕಿ, ಯಾರ್ಯಾರೋ ಜೆರಾಕ್ಸ್ ಮಾಡಿದ ಕಾಮಿಕ್ಸ್ ಎಲ್ಲ ಮಾರಿಕೊಡುತ್ತಿದ್ದರು, ಎಡ್ಡಿ ಕ್ಯಾಂಬೆಲ್ ಅಂಥ ಕಾಮಿಕ್ಸ್ ಕಲಾವಿದರು ಬಂದಿದ್ದೇ ಅಲ್ಲಿಂದ ಅಂತ. ನಿಜವೇ. ಆದರೆ ಅವರೆಲ್ಲ ಓದಿಸಿಕೊಳ್ಳಬೇಕು ಅಂತ ಚಿಕ್ಕದಾಗಿ ಶುರು ಮಾಡಿದವರು ಕಣೋ. ನಾನು ಯಾಕೆ ಮಾಡುತ್ತಿದ್ದೇನೆ ಅಂತ ಈಗ ಅನುಮಾನ ಶುರುವಾಗಿದೆ.

ಆಗಿದ್ದು ಇಷ್ಟು. ಶನಿವಾರ ಮಧ್ಯಾಹ್ನ ಒಬ್ಬರು ಬಂದು ನನ್ನ ಪುಸ್ತಕವನ್ನು ನಿಂತಲ್ಲೇ ಪೂರ್ತಿ ಓದಿದರು. ಅದು ರಿಸೋ ಮಷೀನಿನಲ್ಲಿ ಅಚ್ಚಾಗಿದ್ದು. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಕಾಗದ ಹಾಯಿಸಬೇಕು, ಆ ಇಂಕು ಪೂರ್ತಿ ಒಣಗುವುದೂ ಇಲ್ಲ. ಅವರ ಹೆಬ್ಬೆರಳಿಗೆ ಗುಲಾಬಿ ಬಣ್ಣ ಅಂಟಿತ್ತು. ನೋಡಿಕೊಂಡು ನಕ್ಕು, ತಾವೊಂದು ಪ್ರಕಾಶನದ ಸಂಪಾದಕಿ ಅಂದರು. "ಇದು ಇನ್ನೂ ಉದ್ದ ಇದೆ ಅನ್ನಿಸುತ್ತೆ. ಬರೆದಿದ್ದೀರಾ?" ಅಂತ ಕೇಳಿದರು. ನಾನು, "ಇಲ್ಲ, ಚಿಕ್ಕದಾಗಿದ್ದರೇನೇ ಇದಕ್ಕೆ ಚೆನ್ನ" ಅಂದೆ. ಎಷ್ಟು ಗತ್ತಿನಿಂದ ಅಂದೆ ಅಂತೀಯ! ಪಕ್ಕದ ಹುಳುಗಳ ಒಡತಿ ಮೆಚ್ಚುಗೆಯಿಂದ ತಲೆಯಾಡಿಸಿದಳು.

ಉದ್ದದ್ದು ಇದೆ ಕಣೋ. ಡ್ರಾಯರಿನಲ್ಲಿದೆ, ಪೆನ್ಸಿಲಿನಲ್ಲಿ, ಪೂರ್ತಿ.

ಸಾಲದ್ದಕ್ಕೆ ಮಂಗಳವಾರ ಬ್ರಿಟಿಷ್ ಲೈಬ್ರರಿಯ ರಶೀದಿ ಬಂತು. ಇಲ್ಲಿ ಏನು ಅಚ್ಚು ಹಾಕಿ ಪ್ರಕಟಿಸಿದರೂ ಒಂದು ತಿಂಗಳೊಳಗೆ ಒಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಅವರಿಗೆ ಕೊಡಬೇಕು, 2003ರ ಕಾನೂನು. ಝೀನ್ ಮಾಡುವ ಎಷ್ಟೋ ಜನಕ್ಕೆ ಇದರ ಗೊಡವೆಯೇ ಇಲ್ಲ. ನನಗೆ ವೀಸಾ ಕಾಲದಿಂದಲೂ ಕಾನೂನು ಅಂದರೆ ಕೈಕಾಲು ನಡುಗುತ್ತೆ, ಕಳಿಸಿದ್ದೆ. ಆ ಪ್ರತಿಗಳು ಹೋಗುವುದು ನಮ್ಮ ಲೀಡ್ಸ್ ಹತ್ತಿರದ ಬೋಸ್ಟನ್ ಸ್ಪಾ ಅನ್ನೋ ಊರಿಗೆ. ಅಲ್ಲಿನ ಗೋದಾಮಿನಲ್ಲಿ ಬೆಂಕಿ ಹತ್ತಬಾರದು ಅಂತ ಆಮ್ಲಜನಕವನ್ನೇ ಕಮ್ಮಿ ಮಾಡಿಟ್ಟಿದ್ದಾರೆ, ಮನುಷ್ಯರ ಬದಲು ರೋಬೋಟ್‌ಗಳು ಪೆಟ್ಟಿಗೆ ಎತ್ತಿಡುತ್ತವೆ. ರಶೀದಿ ಓದಿ ಖುಷಿಯಾಗಬೇಕಿತ್ತು ಅಲ್ವಾ? ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಇನ್ನು ಅದನ್ನು ವಾಪಸ್ ತೆಗೆಯುವ ಹಾಗಿಲ್ಲ, ಯಾರು ಬೇಕಾದರೂ ಕೇಳಿ ಓದಬಹುದು.

ಅದು ಅಪ್ಪನ ಕಥೆ. ಅಂಗಡಿ ಮುಳುಗಿದ ವರ್ಷದ್ದು. ಸಾಲ ಕೊಟ್ಟವರು ಗೇಟು ತೆಗೆದ ಸದ್ದು ಕೇಳಿದರೆ ಅಪ್ಪ ಅಟ್ಟ ಹತ್ತುತ್ತಿದ್ದರು. ಏಣಿಯ ಮೂರನೇ ಮೆಟ್ಟಿಲು ಕಿರ್ ಅನ್ನುತ್ತಿತ್ತು, ಅದನ್ನು ಬಿಟ್ಟು ನಾಲ್ಕನೆಯದಕ್ಕೆ ಕಾಲಿಡುತ್ತಿದ್ದರು. "ಅಪ್ಪ ಊರಲ್ಲಿಲ್ಲ" ಅನ್ನುವುದು ನನ್ನ ಕೆಲಸ. ಹ್ಯಾರೊಗೇಟ್‌ನಲ್ಲಿ ಅದನ್ನು ಓದಿ ಕಣ್ಣು ಒರೆಸಿಕೊಂಡು ಐದು ಪೌಂಡ್ ಕೊಡುತ್ತಾರೆ. ನಾನು ಆರಾಮಾಗಿ ತಗೊಳ್ಳುತ್ತೇನೆ, ಯಾಕೆ ಅಂದರೆ ಅಲ್ಲಿ ಯಾರಿಗೂ ನಮ್ಮ ಓಣಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ, ಗುಲಾಬಿ ಬಣ್ಣದಲ್ಲಿ, ಬೆರಳೆಣಿಕೆ ಪ್ರತಿಗಳಲ್ಲಿ ಮಾತ್ರ ನನಗೆ ಧೈರ್ಯ. ಪುಸ್ತಕ ದೊಡ್ಡದಾಗಿ ಬೆಂಗಳೂರಿನ ಅಂಗಡಿಗೆ ಬಂದು, ಅಲ್ಲಿಂದ ನಮ್ಮೂರು ಸಾಗರಕ್ಕೆ ಬಂದು, ಅಮ್ಮನ ಕೈಗೆ ಯಾರಾದರೂ ಕೊಟ್ಟರೆ? ಸ್ಮಾಲ್ ಪ್ರೆಸ್ಸೂ ಇಲ್ಲ, ತತ್ವವೂ ಇಲ್ಲ ಗುಂಡಾ. ನಾನೂ ಅಟ್ಟದಲ್ಲೇ ಇದ್ದೇನೆ.

ನಿನಗೆ ಯಾಕೆ ಇಷ್ಟು ದಿನ ಒಂದು ಪ್ರತಿ ಕಳಿಸಲಿಲ್ಲ ಅಂತ ಕೇಳುತ್ತಿರುತ್ತೀಯಲ್ಲ. ಹನ್ನೊಂದನೇ ಪುಟದಲ್ಲಿ ಬಾಗಿಲ ಹತ್ತಿರ ಒಬ್ಬರು ನಿಂತಿದ್ದಾರೆ. ಮುಖ ಬಿಡಿಸಿಲ್ಲ. ಛತ್ರಿ ಬಿಡಿಸಿದ್ದೇನೆ, ಮುರಿದ ಕಡ್ಡಿಗೆ ನೀಲಿ ಪ್ಲಾಸ್ಟಿಕ್ ದಾರ ಸುತ್ತಿದ ಛತ್ರಿ. ಜಗುಲಿ ಮೇಲೆ ಎರಡು ಲೋಟ ಕಾಫಿ, ಎರಡರಲ್ಲೂ ಹಬೆ ಆಡುತ್ತಿದೆ. ಅವರು ಲೋಟ ನೋಡಿದರು, ನನ್ನ ನೋಡಿದರು, "ಅಪ್ಪ ಬಂದ ಮೇಲೆ ನಾನು ಬಂದಿದ್ದೆ ಅಂತ ಹೇಳು ಮಗಾ" ಅಂದು ಮಳೆಯಲ್ಲೇ ವಾಪಸ್ ಹೋದರು. ಮಾರನೇ ದಿನ ಸ್ಕೂಲಿನಲ್ಲಿ ನಿನಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಯೂ ಇಲ್ಲ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯಾ. ಅಂಚೆ ರೇಟು ಹೇಳಿ ಮುಗಿಸೋಣ ಅಂತಿದ್ದೆ. ಈಗ ಅಳಿಸಿದರೆ ಸ್ಟಾಂಪ್ ಲೆಕ್ಕ ಮಾತ್ರ ಉಳಿಯುತ್ತೆ, ಅದನ್ನು ಓದುವಷ್ಟು ತಾಳ್ಮೆ ನಿನಗೂ ಇಲ್ಲ.

ಪ್ರತಿ ನಾಳೆ ಪೋಸ್ಟ್ ಮಾಡುತ್ತೇನೆ. ಅಸಲು ಪೂರ್ತಿ ತೀರಿದೆ ಅಂತ ಅಮ್ಮ ಹೇಳುತ್ತಾಳೆ. ನಿಮ್ಮ ಮನೆ ಲೆಕ್ಕದ ಪುಸ್ತಕ ಬೇರೆ ಏನಾದರೂ ಹೇಳಿದರೆ ಮೆಸೇಜ್ ಮಾಡು, ಇಲ್ಲಿ ಎಲ್ಲರೆದುರು ಬಡ್ಡಿ ಕೇಳಬೇಡ. ಉಳಿದವರಿಗೆ ಪುಸ್ತಕ ಬೇಕಿದ್ದರೆ 5 ಪೌಂಡ್, ಕೈಗೆ ಬಣ್ಣ ಅಂಟಿದರೆ ನಾನು ಹೊಣೆಯಲ್ಲ. ಯುರೋಪಿನಲ್ಲಿರುವ ಕನ್ನಡಿಗರು ಕ್ಷಮಿಸಿ, ನಿಮ್ಮಲ್ಲಿ ಯಾರಾದರೂ ಜವಾಬ್ದಾರ ವ್ಯಕ್ತಿ ಇದ್ದರೆ ತಿಳಿಸಿ.

ನಿನ್ನ,
ಸ್ಟೇಪ್ಲರ್ ಸಾಹುಕಾರ