ಸಂಘದ ಮಹಾಸಭೆಗೆ ಮಕ್ಕಳನ್ನು ಕರೆದೊಯ್ಯುವ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ಸವಿನಯ ವಂದನೆಗಳು.

ನಮ್ಮ ಶಾಲೆಯ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳನ್ನು ಬರುವ ಸೆಪ್ಟೆಂಬರ್‌ನಲ್ಲಿ ಊರಿನ ಸೇವಾ ಸಹಕಾರಿ ಸಂಘದ ವಾರ್ಷಿಕ ಮಹಾಸಭೆಗೆ ವೀಕ್ಷಕರಾಗಿ ಕರೆದೊಯ್ಯಬೇಕೆಂದೂ, ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ತೋರಿಸಿಕೊಂಡು ಬರಬೇಕೆಂದೂ ಯೋಚಿಸಿದ್ದೇವೆ. ಎರಡಕ್ಕೂ ನಿಮ್ಮ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಮೊದಲು ಈ ಯೋಚನೆ ಎಲ್ಲಿಂದ ಬಂತು ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ಜುಲೈ ತಿಂಗಳ ಗಾಳಿಮಳೆಯಲ್ಲಿ ಶಾಲೆಯ ತಿರುವಿನ ಹೊನ್ನೆ ಮರ ಲೈನಿನ ಮೇಲೆ ಬಿದ್ದು ಎರಡು ಕಂಬ ಮುರಿದದ್ದು ನಿಮಗೆ ನೆನಪಿರಬಹುದು. ಇಬ್ಬರು ಲೈನ್‌ಮನ್‌ಗಳು ಮೊಣಕಾಲುದ್ದದ ಕೆಸರಿನಲ್ಲಿ ನಿಂತು, ಊರವರ ನೆರವಿನಿಂದ ಹೊಸ ಕಂಬಕ್ಕೆ ಹಗ್ಗ ಬಿಗಿದು ಎಳೆಯುತ್ತಿದ್ದುದನ್ನು ಮಕ್ಕಳು ತರಗತಿಯ ಕಿಟಕಿಯಿಂದ ನೋಡಿದ್ದರು. ಕರೆಂಟಿಲ್ಲದ ಮೂರನೆಯ ದಿನ ಸಮಾಜ ವಿಜ್ಞಾನದ ಅವಧಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಹಾಲಿನ ಡೇರಿಗೆ ಆಯಿ ಸದಸ್ಯೆ, ಸೊಸೈಟಿಗೆ ಅಪ್ಪ ಸದಸ್ಯ. ಕರೆಂಟಿಗೆ ಮಾತ್ರ ನಾವು ಯಾಕೆ ಬರೀ ಗ್ರಾಹಕರು?" ಎಂದು ಕೇಳಿದಳು.

ಇಷ್ಟು ವರ್ಷದ ಪಾಠದಲ್ಲಿ ಇಂಥ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಕಾಳಿ ಮತ್ತು ಶರಾವತಿಯ ನೀರಿನಿಂದ ವಿದ್ಯುತ್ ತಯಾರಾಗುವುದು, ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿರುವುದು ನಮ್ಮ ಮಕ್ಕಳಿಗೆ ಗೊತ್ತು. ಆದರೆ ಆ ವಿದ್ಯುತ್ತನ್ನು ಮನೆಮನೆಗೆ ತಲುಪಿಸುವ ಸಂಸ್ಥೆ ಯಾರದು, ಅಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು, ಲೆಕ್ಕ ಕೇಳುವ ಹಕ್ಕು ಯಾರಿಗಿದೆ ಎಂಬುದನ್ನು ನಾವು ಕಲಿಸಿಲ್ಲ. ನಮ್ಮ ಜಿಲ್ಲೆಗೆ ವಿದ್ಯುತ್ ಕೊಡುವುದು 2002ರಲ್ಲಿ ಅಸ್ತಿತ್ವಕ್ಕೆ ಬಂದ ಹೆಸ್ಕಾಂ, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ. ಅದು ಸರ್ಕಾರದ ಕಂಪನಿಯಾದ್ದರಿಂದ ನಾವು ಅದರ ಗ್ರಾಹಕರೇ ಹೊರತು ಸದಸ್ಯರಲ್ಲ.

ಹುಕ್ಕೇರಿ ತಾಲ್ಲೂಕಿನಲ್ಲಿ ವ್ಯವಸ್ಥೆ ಬೇರೆ. ಗ್ರಾಮೀಣ ವಿದ್ಯುದೀಕರಣಕ್ಕೆ ಸಹಕಾರಿ ದಾರಿಯನ್ನು ಪರೀಕ್ಷಿಸಿ ನೋಡಲು ದೇಶದಲ್ಲಿ ಮೊದಲು ಹುಟ್ಟಿದ ಕೆಲವೇ ಸಂಘಗಳಲ್ಲಿ 1969ರ ಆ ಸಂಘವೂ ಒಂದು. ಅದು ವಿದ್ಯುತ್ತನ್ನು ಸಗಟಾಗಿ ಕೊಂಡು, ತನ್ನದೇ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಮೂಲಕ ಹಳ್ಳಿಗಳಿಗೆ ಹಂಚುತ್ತದೆ. ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹಾಗೆಂದು ಮಂಡಳಿ ಮನಸ್ಸಿಗೆ ಬಂದಂತೆ ಯೂನಿಟ್ಟಿನ ದರ ಕಟ್ಟುವಂತಿಲ್ಲ. ಹೆಸ್ಕಾಂಗೆ ದರ ನಿಗದಿ ಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ ಆ ಸಂಘಕ್ಕೂ ದರ ನಿಗದಿ ಮಾಡುತ್ತದೆ. ದರ ಪರಿಷ್ಕರಣೆಗೆ ಮುನ್ನ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕರಾದರೂ ಆಕ್ಷೇಪ ಸಲ್ಲಿಸಬಹುದು. ಅಂದರೆ ಗ್ರಾಹಕರಾದ ನಮಗೂ ಒಂದು ಬಾಗಿಲು ತೆರೆದಿದೆ. ಅದನ್ನೂ ಮಕ್ಕಳಿಗೆ ಹೇಳಿದ್ದೇನೆ.

ಸಹಕಾರಿ ಎಂಬ ಹೆಸರೊಂದೇ ಸಂಸ್ಥೆಯನ್ನು ಕಾಯುವುದಿಲ್ಲ. ನಾನು ಹಿಂದೆ ಸದಸ್ಯನಾಗಿದ್ದ ಒಂದು ಪತ್ತಿನ ಸಂಘದ ಮಹಾಸಭೆಗೆ ಪ್ರತಿ ವರ್ಷ ಹೋಗುತ್ತಿದ್ದೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ, ವರದಿ ಓದಿ ಮುಗಿಸಿದಾಗ ಎಲ್ಲರೊಂದಿಗೆ ಕೈ ಎತ್ತುತ್ತಿದ್ದೆ. ಕೆಲವು ವರ್ಷಗಳ ನಂತರ ಠೇವಣಿ ಇಟ್ಟವರು ತಮ್ಮದೇ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದಾಡುವಂತಾಯಿತು. ಅವರಲ್ಲಿ ನಿವೃತ್ತ ಶಿಕ್ಷಕರಿದ್ದರು, ಮಗಳ ಮದುವೆಗೆಂದು ಕೂಡಿಟ್ಟ ತಾಯಂದಿರಿದ್ದರು. ಆಗ ಮನೆಯಲ್ಲಿದ್ದ ಹಳೆಯ ವರದಿ ಪುಸ್ತಿಕೆಗಳನ್ನು ಸಾಲಾಗಿ ಹರಡಿಕೊಂಡು ಕುಳಿತೆ. ಸುಸ್ತಿ ಸಾಲದ, ಅಂದರೆ ಗಡುವು ಮೀರಿದರೂ ಮರುಪಾವತಿಯಾಗದ ಸಾಲದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತ ಹೋದದ್ದು ಪ್ರತಿ ಪುಸ್ತಿಕೆಯ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಅಚ್ಚಾಗಿಯೇ ಇತ್ತು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ, ನಾವು ಓದಿರಲಿಲ್ಲ. ಆ ನೋವು ಇಂದಿಗೂ ನನ್ನಲ್ಲಿದೆ. ನಮ್ಮ ಮಕ್ಕಳು ಅಢಾವೆ ಪತ್ರಿಕೆ ಓದುವುದನ್ನು ಕಲಿತೇ ಶಾಲೆ ಬಿಡಬೇಕೆಂಬ ಹಂಬಲಕ್ಕೆ ಅದೇ ಕಾರಣ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಮಕ್ಕಳು ಬಲ್ಲರು. ಸಂವಿಧಾನದ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದ್ದನ್ನೂ ಹೇಳಿಕೊಟ್ಟಿದ್ದೇವೆ. ಆದರೆ ಸಭೆ ಎಂದರೇನು ಎಂಬುದು ಸಭೆಯಲ್ಲಿ ಕುಳಿತಾಗಲೇ ತಿಳಿಯುತ್ತದೆ. ಅಮೆರಿಕದಲ್ಲಿ ಹಳ್ಳಿಗಾಡಿನ ರೈತರು 1930ರ ದಶಕದಿಂದ ಕಟ್ಟಿಕೊಂಡ ವಿದ್ಯುತ್ ಸಹಕಾರಿಗಳು 1964ರಿಂದ ಪ್ರೌಢಶಾಲೆಯ ಮಕ್ಕಳನ್ನು ಪ್ರತಿ ಬೇಸಿಗೆಯಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಕಳುಹಿಸುತ್ತ ಬಂದಿವೆ. ಅಷ್ಟು ಖರ್ಚು ಮಾಡುವ ಅನುಕೂಲ ನಮಗಿಲ್ಲ. ನಮ್ಮ ಸಂಘದ ಸಭಾಭವನವಾದರೋ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ.

ಹತ್ತನೇ ತರಗತಿಯ ಮಕ್ಕಳಿಗೆ ಇನ್ನೆರಡು ಮೂರು ವರ್ಷಗಳಲ್ಲಿ ಹದಿನೆಂಟು ತುಂಬುತ್ತದೆ, ಆಗ ಅವರು ಸದಸ್ಯರಾಗಬಹುದು. ಆಡಳಿತ ಮಂಡಳಿಯ ಅವಧಿ ಐದು ವರ್ಷ. ಆದ್ದರಿಂದ ಮುಂದಿನ ಚುನಾವಣೆಯ ವೇಳೆಗೆ ಇವರಲ್ಲಿ ಹಲವರು ಮತ ಹಾಕುವ ವಯಸ್ಸಿಗೆ ಬಂದಿರುತ್ತಾರೆ. ಓದು ಮುಗಿಸಿ ಬೆಂಗಳೂರು ಸೇರುವ ಮಕ್ಕಳ ಸಂಖ್ಯೆ ನಮ್ಮ ಕೇರಿಗಳಲ್ಲಿ ಎಷ್ಟಿದೆ ಎಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ. ಊರಿನಲ್ಲಿ ಉಳಿಯುವವರಾದರೂ, ಎಂದಾದರೂ ಮರಳಿ ಬರುವವರಾದರೂ, ಸಂಘದ ಮೆಟ್ಟಿಲು ಹತ್ತಲು ಅಂಜಬಾರದು.

"ಸಂಘದಲ್ಲಿ ರಾಜಕೀಯವಿದೆ, ಮಕ್ಕಳಿಗೆ ಅದೆಲ್ಲ ಏಕೆ?" ಎಂದು ಕೆಲವು ಪೋಷಕರು ಈಗಾಗಲೇ ಕೇಳಿದ್ದಾರೆ. ಅವರ ಆತಂಕ ನ್ಯಾಯವಾದದ್ದು. ಮಕ್ಕಳು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾರೆ, ಟಿಪ್ಪಣಿ ಬರೆದುಕೊಳ್ಳುತ್ತಾರೆ, ಮಾತನಾಡುವುದಿಲ್ಲ, ಯಾವ ಗುಂಪಿನ ಪರವಾಗಿಯೂ ಶಾಲೆ ಒಂದು ಮಾತನ್ನೂ ಆಡಿಸುವುದಿಲ್ಲ. ಮರುದಿನ ತರಗತಿಯಲ್ಲಿ ತಾವೇ ನಡಾವಳಿ ಬರೆದು, ಸಂಘದ ನಡಾವಳಿಯೊಂದಿಗೆ ಹೋಲಿಸಿ ನೋಡುತ್ತಾರೆ. ಆದರೆ ಭಿನ್ನಾಭಿಪ್ರಾಯವೇ ಇಲ್ಲದ ಸಭೆಯನ್ನು ಹುಡುಕಿ ತೋರಿಸುವುದು ನನ್ನ ಉದ್ದೇಶವಲ್ಲ. ದೊಡ್ಡವರು ದನಿ ಎತ್ತರಿಸಿ ವಾದಿಸಿದ ಮೇಲೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದನ್ನೂ ಅವರು ನೋಡಲಿ.

ಮಹಾಸಭೆಯ ಬಗ್ಗೆ ಸಂಘದ ಅಧ್ಯಕ್ಷರು ಮೌಖಿಕವಾಗಿ ಒಪ್ಪಿದ್ದಾರೆ. ಹುಕ್ಕೇರಿಯ ಸಂಘಕ್ಕೆ ಅನುಮತಿ ಕೋರಿ ನಿಮ್ಮ ಒಪ್ಪಿಗೆಯ ನಂತರವೇ ಪತ್ರ ಬರೆಯುತ್ತೇವೆ. ಆ ಪ್ರವಾಸಕ್ಕೆ ಒಂದು ರಾತ್ರಿ ಹೊರಗೆ ಉಳಿಯಬೇಕಾಗುವುದರಿಂದ ಹೆಣ್ಣುಮಕ್ಕಳ ಜೊತೆ ಇಬ್ಬರು ಶಿಕ್ಷಕಿಯರು ಇರುತ್ತಾರೆ. ಅಡಿಕೆ ಕೊಯ್ಲಿನ ಕೆಲಸಕ್ಕೆ ಮನೆಯಲ್ಲಿ ಮಕ್ಕಳ ಕೈ ಬೇಕೆನ್ನುವವರು ಸಂಕೋಚವಿಲ್ಲದೆ ತಿಳಿಸಿ, ಬರದ ಮಕ್ಕಳಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುತ್ತೇವೆ.

ಈ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪೋಷಕರ ಸಭೆ ಕರೆದಿದ್ದೇವೆ. ತಂದೆ ತಾಯಿ ಇಬ್ಬರೂ ಬಂದರೆ ಸಂತೋಷ. ಡೇರಿಯ ಸದಸ್ಯೆಯರಾದ ತಾಯಂದಿರು ತಪ್ಪದೆ ಬರಬೇಕೆಂದು ವಿಶೇಷವಾಗಿ ಕೋರುತ್ತೇನೆ. ಬರುವಾಗ ಜೊತೆಗಿರುವ ಒಪ್ಪಿಗೆ ಚೀಟಿಯನ್ನು ತುಂಬಿ ತನ್ನಿ. ಮನೆಯ ಕಪಾಟಿನಲ್ಲಿ ಕಳೆದ ಎರಡು ಮೂರು ವರ್ಷಗಳ ಸಂಘದ ವರದಿ ಪುಸ್ತಿಕೆಗಳು ಇದ್ದರೆ ಅವನ್ನೂ ತನ್ನಿ. ಮುಂದಿನ ಸೋಮವಾರದ ಗಣಿತದ ಅವಧಿಗೆ ಅವು ಬೇಕಾಗಿವೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ
ಪ್ರೌಢಶಾಲೆ, ಶಿರಸಿ ತಾಲ್ಲೂಕು