ಓಹಾಯೋದ ಒಂದು ಶನಿವಾರ

ಪ್ರೀತಿಯ ಗೆಳೆಯಾ,

ನೀನಿರುವ ಕೊಲಂಬಸ್ ಊರಿನ ಸುತ್ತಮುತ್ತ ನೋಡುವಂಥದ್ದು ಏನೂ ಇಲ್ಲ ಅಂತ ಹೋದ ಸಲ ಬರೆದಿದ್ದೆಯಲ್ಲ. ಇದೆ ಕಣೋ. ಒಂದು ವಾರದಿಂದ ರಾತ್ರಿ ಊಟ ಆದ ಮೇಲೆ ನಾನು ನಿನ್ನ ಅಕ್ಕಪಕ್ಕದ ಊರುಗಳಲ್ಲೇ ಓಡಾಡುತ್ತಿದ್ದೇನೆ. ಲಂಡನ್ (ಇಂಗ್ಲೆಂಡಿನದಲ್ಲ, ನಿಮ್ಮ ಓಹಾಯೋ ರಾಜ್ಯದ್ದೇ), ಪ್ಲೇನ್ ಸಿಟಿ, ಸರ್ಕಲ್‌ವಿಲ್. ಎಲ್ಲವೂ 1938ರ ಫೋಟೋಗಳಲ್ಲಿ.

ತೆಗೆದವನು ಬೆನ್ ಶಾನ್, ಮೂಲತಃ ಚಿತ್ರ ಬರೆಯುವವನು. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಷ್ಟ ಇನ್ನೂ ಮುಗಿದಿರಲಿಲ್ಲ. ರೈತರ ನೆರವಿಗೆಂದು ಇದ್ದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆಗಾಗಿ ಆ ಬೇಸಿಗೆಯಲ್ಲಿ ಅವನು ಓಹಾಯೋ ಸುತ್ತಿದ. ಗೋಧಿ ಕೊಯ್ಲನ್ನೂ ತೆಗೆದ, ಸರ್ಕಲ್‌ವಿಲ್ ಅಂಚಿನ ಬಡವರ ಗುಡಿಸಲುಗಳನ್ನೂ ತೆಗೆದ.

ನನಗೆ ಜಾಸ್ತಿ ಹಿಡಿಸಿದ್ದು ಪೇಟೆಬೀದಿಯ ಫೋಟೋಗಳು. ಅವನ ಲೈಕಾ ಕ್ಯಾಮೆರಾಗೆ ಪಕ್ಕಕ್ಕೆ ನೋಡುವ ವ್ಯೂಫೈಂಡರ್ ಇತ್ತು. ಅವನ ಮುಖ ಒಂದು ಕಡೆ, ಲೆನ್ಸ್ ಇನ್ನೊಂದು ಕಡೆ. ಎಷ್ಟೋ ಜನಕ್ಕೆ ತಮ್ಮ ಫೋಟೋ ತೆಗೆಯುತ್ತಿರುವುದೇ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ, ಸುತ್ತಲಿನ ಹಳ್ಳಿಗಳಿಂದ ರೈತರು ಬಂದಿದ್ದಾರೆ. ಸುಮ್ನೆ ನಿಂತಿದ್ದಾರೆ, ಮಾತಾಡುತ್ತಿದ್ದಾರೆ, ಬೀದಿ ನೋಡುತ್ತಿದ್ದಾರೆ. ಅಷ್ಟೇ.

ನಮ್ಮ ತಾತನದು ಒಂದೇ ಒಂದು ಫೋಟೋ ಇದೆ. ಎರವಲು ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ನಿಂತದ್ದು. ಸಂತೆಯಲ್ಲಿ ಅವರು ಹೇಗೆ ನಿಲ್ಲುತ್ತಿದ್ದರು? ಟವೆಲ್ಲನ್ನು ಯಾವ ಹೆಗಲಿಗೆ ಹಾಕುತ್ತಿದ್ದರು? ಅಜ್ಜಿಯನ್ನು ಕೇಳೋಣವೆಂದರೆ ಅವರೂ ಈಗಿಲ್ಲ. ಲಂಡನ್ ಪೇಟೆಯ ಯಾರದೋ ತಾತ ಹೇಗೆ ನಿಲ್ಲುತ್ತಿದ್ದರು ಅನ್ನುವುದು ಮಾತ್ರ ನನಗೆ ಗೊತ್ತು.

ಒಂದು ವಿಷಯಕ್ಕೆ ಹೊಟ್ಟೆ ಉರಿಯುತ್ತದೆ. ಆ ಸರ್ಕಾರಿ ಸಂಸ್ಥೆಯ ಫೋಟೋ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ತನಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ಪಂಚ್‌ನಿಂದ ತೂತು ಹೊಡೆದುಬಿಡುತ್ತಿದ್ದ. ಪ್ರಿಂಟ್ ಹಾಕಿದರೆ ಅಲ್ಲೊಂದು ಕಪ್ಪು ಚುಕ್ಕೆ, ಕೆಲವೊಮ್ಮೆ ಸರಿಯಾಗಿ ಮುಖದ ಮೇಲೆ. ಶಾನ್‌ನ ನೆಗೆಟಿವ್‌ಗಳೂ ಹೀಗೆ ಹಾಳಾದವು. ಆದರೆ ಪುಟ್ಟ ಪಟ್ಟಣಗಳ ದಿನನಿತ್ಯದ ಬದುಕನ್ನು ತೆಗೆದುಕೊಂಡು ಬನ್ನಿ ಅಂತ ಫೋಟೋಗ್ರಾಫರ್‌ಗಳನ್ನು ಹುರಿದುಂಬಿಸಿದವನೂ ಅವನೇ. ಅವನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ.

ಈ ಫೋಟೋಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ದೊಡ್ಡ ಗ್ರಂಥಾಲಯದಲ್ಲಿವೆ. ಆನ್‌ಲೈನ್‌ನಲ್ಲಿ ನೋಡಲು ದುಡ್ಡು ಕೊಡಬೇಕಿಲ್ಲ. ನೋಡಿಕೊಂಡು ಒಂದು ಶನಿವಾರ ಲಂಡನ್‌ಗೆ ಹೋಗಿ ಬಾ. ನಿನ್ನ ಮನೆಯಿಂದ ಕಾರಲ್ಲಿ ಒಂದು ಗಂಟೆಯೂ ಆಗುವುದಿಲ್ಲ, ಅಲ್ವಾ? ಮುಖ್ಯ ಬೀದಿಯಲ್ಲಿ ಈಗ ಯಾರು ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ಬರೆ. ಮಗಳನ್ನೂ ಕರೆದುಕೊಂಡು ಹೋಗು.

ನಿನ್ನ ಕಾಗದಕ್ಕೆ ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ